ಪರೀಕ್ಷೆ ಇಲ್ಲದ ಶಾಲೆ, ಒತ್ತಾಯವಿಲ್ಲದ ಧರ್ಮ: ಗ್ರುಂಟ್‌ವಿಗ್ ಜೀವನ

ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಧರ್ಮಸುಧಾರಣೆಯ ಪಾಠ ಮಾರ್ಟಿನ್ ಲೂಥರನ ಹೆಸರಿನೊಂದಿಗೆ ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ಲೂಥರ್ ಪೋಪನನ್ನು ವಿರೋಧಿಸಿದ, ಪ್ರಾಟೆಸ್ಟೆಂಟ್ ಪಂಥ ಹುಟ್ಟಿತು, ಅಲ್ಲಿಗೆ ಗಂಟೆ ಬಾರಿಸುತ್ತದೆ. ಸುಬ್ರಹ್ಮಣ್ಯಪುರದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ಪಾಠ ವೀಕ್ಷಿಸುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ನನಗೆ ಈ ಬರಹದ ನೆಪ. ರಾಜ ಮತ ಬದಲಿಸಿದರೆ ಪ್ರಜೆಗಳೂ ಬದಲಿಸಬೇಕಾಗಿತ್ತೇ ಎಂಬುದು ಅವಳ ಅನುಮಾನ. ಗುಡಿ, ಮಸೀದಿ, ಚರ್ಚುಗಳಿಗೆ ಹೋಗುವ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ತರಗತಿಯಲ್ಲಿ ಇಂಥ ಪ್ರಶ್ನೆ ಬರುವುದು ಸಹಜ. ಉತ್ತರ ಹೇಳಬಲ್ಲ ಒಂದು ಜೀವನವಿದೆ. ಅದು ಡೆನ್ಮಾರ್ಕಿನ ನಿಕೊಲಾಯ್ ಫ್ರೆಡರಿಕ್ ಸೆವೆರಿನ್ ಗ್ರುಂಟ್‌ವಿಗ್‌ನದು. ಶಿಕ್ಷಣ ತತ್ತ್ವದ ಪತ್ರಿಕೆಯಲ್ಲಿ ನಾವು ರೂಸೋ, ಪೆಸ್ಟಾಲಜಿ, ಫ್ರೋಬೆಲ್ ಎಂದು ಓದುತ್ತ ಹೋಗಿ ಇವನನ್ನು ಬಿಟ್ಟುಬಿಡುತ್ತೇವೆ. (ಡೆನ್ಮಾರ್ಕಿನವರು ಕೊನೆಯ ‘ಗ್’ ಅನ್ನು ಉಚ್ಚರಿಸುವುದಿಲ್ಲ. ಕಪ್ಪು ಹಲಗೆಯ ಮೇಲೆ ಬರೆಯುವಾಗ ಇದನ್ನು ಹೇಳಿದರೆ ಮಕ್ಕಳಿಗೆ ಹೆಸರು ಮರೆಯುವುದಿಲ್ಲ.)

ಮೊದಲು ಆ ಹುಡುಗಿಯ ಪ್ರಶ್ನೆ. ಡೆನ್ಮಾರ್ಕಿನಲ್ಲಿ 1536ರಲ್ಲಿ ಮೂರನೆಯ ಕ್ರಿಶ್ಚಿಯನ್ ದೊರೆ ಲೂಥರನ್ ಪಂಥವನ್ನು ರಾಜ್ಯದ ಧರ್ಮವೆಂದು ಸಾರಿದ. ಪ್ರಜೆಗಳಿಗೆ ಬೇರೆ ದಾರಿ ಇರಲಿಲ್ಲ. 1660ರ ನಂತರ ಅಲ್ಲಿ ನಿರಂಕುಶ ರಾಜಪ್ರಭುತ್ವ ಬಂತು; 1665ರ ರಾಜಶಾಸನ ದೊರೆಯನ್ನು ಚರ್ಚಿಗೂ ಒಡೆಯನನ್ನಾಗಿ ಮಾಡಿತು. ಪಾದ್ರಿ ಎಂದರೆ ಒಂದು ರೀತಿಯಲ್ಲಿ ಸರ್ಕಾರಿ ನೌಕರ. ಹುಟ್ಟು, ಮದುವೆ, ಸಾವುಗಳ ದಾಖಲೆ ಅವನ ಪುಸ್ತಕದಲ್ಲಿ. 1736ರಿಂದ ಹದಿಹರೆಯದ ಪ್ರತಿಯೊಬ್ಬರೂ ಧರ್ಮಪಾಠ ಕಲಿತು, ಪಾದ್ರಿಯ ಮುಂದೆ ಒಪ್ಪಿಸಿ, ದೃಢೀಕರಣ ಸಂಸ್ಕಾರ ಪಡೆಯಲೇಬೇಕಾಗಿತ್ತು. ಅದಾಗದಿದ್ದರೆ ಮದುವೆಗೂ ತೊಡಕು. ಧರ್ಮವೇ ಒಂದು ಪರೀಕ್ಷೆಯಾಗಿತ್ತು ಎಂದರೆ ಹೆಚ್ಚಲ್ಲ.

ಇಂಥ ವ್ಯವಸ್ಥೆಯ ಒಳಗೇ, ಪಾದ್ರಿಯ ಮನೆಯಲ್ಲೇ, 1783ರ ಸೆಪ್ಟೆಂಬರ್ 8ರಂದು ಗ್ರುಂಟ್‌ವಿಗ್ ಹುಟ್ಟಿದ. ಊರು ಝೀಲೆಂಡ್ ದ್ವೀಪದ ದಕ್ಷಿಣದ ಊಡ್ಬಿ ಎಂಬ ಹಳ್ಳಿ. ಅಕ್ಷರ ಕಲಿಸಿದವಳು ತಾಯಿ. ಒಂಬತ್ತನೆಯ ವಯಸ್ಸಿಗೆ ಅವನನ್ನು ದೂರದ ಯೂಟ್‌ಲೆಂಡಿನ ಪಾದ್ರಿಯೊಬ್ಬನ ಮನೆಗೆ ಓದಲು ಕಳಿಸಿದರು, ನಮ್ಮಲ್ಲಿ ಹಿಂದೆ ಗುರುಗಳ ಮನೆಯಲ್ಲಿ ಬಿಡುತ್ತಿದ್ದ ಹಾಗೆ. ಅಲ್ಲಿ ಇತಿಹಾಸದ ಪುಸ್ತಕಗಳನ್ನು ಮನಸ್ಸಿಗೆ ಬಂದಂತೆ ಓದಿಕೊಂಡ. 1798ರಲ್ಲಿ ಓರ್‌ಹೂಸ್ ಪಟ್ಟಣದ ಲ್ಯಾಟಿನ್ ಶಾಲೆಗೆ ಸೇರಿದ ಮೇಲೆ ಮಾತ್ರ ಅವನ ಓದಿನ ಸುಖ ಹೋಯಿತು. ಯಾರೂ ಮಾತನಾಡದ ಭಾಷೆಯ ವ್ಯಾಕರಣ, ಉರು ಹೊಡೆಯುವುದು, ಒಪ್ಪಿಸುವುದು, ಪರೀಕ್ಷೆ. ಅಲ್ಲಿದ್ದದ್ದು ಎರಡೇ ವರ್ಷ. ಆದರೆ ಎಪ್ಪತ್ತು ವರ್ಷ ಅವನು ಆ ಶಾಲೆಯನ್ನು ಕ್ಷಮಿಸಲಿಲ್ಲ. ಮುಂದೆ ಅವನು ಶಾಲೆಗಳನ್ನು ಎರಡಾಗಿ ವಿಂಗಡಿಸಿದ: ಬದುಕಿಗಾಗಿ ಇರುವ ಶಾಲೆ ಒಂದು, ಸಾವಿಗಾಗಿ ಇರುವ ಶಾಲೆ ಇನ್ನೊಂದು. ಎರಡನೆಯದನ್ನು ಅವನು ಕಂಡದ್ದು ಓರ್‌ಹೂಸ್‌ನಲ್ಲಿ.

ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದಲ್ಲಿ 1803ರಲ್ಲಿ ದೇವಶಾಸ್ತ್ರದ ಪದವಿ ಪಡೆದ. ಆಗ ಅವನಿಗೆ ಧರ್ಮದಲ್ಲಿ ಅಷ್ಟೇನೂ ಶ್ರದ್ಧೆ ಇರಲಿಲ್ಲ. ಲಂಗೆಲಂಡ್ ದ್ವೀಪದ ಜಮೀನ್ದಾರರ ಮನೆಯಲ್ಲಿ ಮೂರು ವರ್ಷ ಮನೆಪಾಠದ ಮೇಷ್ಟರಾಗಿದ್ದ. ಶಿಷ್ಯನ ತಾಯಿಯನ್ನೇ ಮನಸಾರೆ ಪ್ರೀತಿಸಿ, ಹೇಳಿಕೊಳ್ಳಲಾಗದೆ, ನೋವನ್ನು ಓದಿನಲ್ಲಿ ಮುಳುಗಿಸಿದ. ಉತ್ತರ ಯೂರೋಪಿನ ಹಳೆಯ ದೇವತೆಗಳ ಪುರಾಣ ಅವನ ಕೈಗೆ ಹತ್ತಿದ್ದು ಆಗ. 1808ರಲ್ಲಿ ಅದರ ಮೇಲೆ ಪುಸ್ತಕ ಬರೆದ. 1820ರಲ್ಲಿ ಹಳೆಯ ಇಂಗ್ಲಿಷಿನ ಬಿಯೊವುಲ್ಫ್ ಕಾವ್ಯವನ್ನು ಡೇನಿಷ್ ಭಾಷೆಗೆ ತಂದ. ಕ್ರೈಸ್ತ ಪಾದ್ರಿಯೊಬ್ಬ ಕ್ರೈಸ್ತಪೂರ್ವ ದೇವತೆಗಳ ಕಥೆಯನ್ನು ತನ್ನ ಜನರ ಆಸ್ತಿಯೆಂದು ಎತ್ತಿಹಿಡಿದದ್ದನ್ನು ಗಮನಿಸಬೇಕು. ಜನಪದ ಕಥೆ, ಐತಿಹ್ಯಗಳನ್ನು ತರಗತಿಗೆ ತರಲು ಹಿಂಜರಿಯುವ ಪ್ರಶಿಕ್ಷಣಾರ್ಥಿಗಳಿಗೆ ನಾನು ಇದನ್ನು ನೆನಪಿಸುತ್ತೇನೆ.

1810ರಲ್ಲಿ ಪರೀಕ್ಷಾರ್ಥವಾಗಿ ಕೊಟ್ಟ ಪ್ರವಚನದಲ್ಲಿ, ರಾಜಧಾನಿಯ ಪಾದ್ರಿಗಳ ಬಾಯಲ್ಲಿ ದೇವರ ಮಾತೇ ಉಳಿದಿಲ್ಲ ಎಂಬರ್ಥದ ಆಪಾದನೆ ಮಾಡಿ ಅದನ್ನು ಅಚ್ಚು ಹಾಕಿಸಿದ. ಪಾದ್ರಿಗಳು ದೂರಿತ್ತರು, ಛೀಮಾರಿ ಬಿತ್ತು. ಆ ಚಳಿಗಾಲದಲ್ಲಿ ಅವನ ಮನಸ್ಸು ಪೂರ್ತಿ ಕುಸಿಯಿತು; ಗೆಳೆಯರು ಊರಿಗೆ ತಲುಪಿಸಬೇಕಾಯಿತು. ಚೇತರಿಸಿಕೊಂಡು, ಅಪ್ಪನಿಗೆ ಸಹಾಯಕ ಪಾದ್ರಿಯಾಗಿ ಎರಡು ವರ್ಷ ದುಡಿದ.

ಅವನ ಬದುಕು ತಿರುಗಿದ್ದು 1825ರಲ್ಲಿ. ಎಚ್. ಎನ್. ಕ್ಲೌಸೆನ್ ಎಂಬ ಯುವ ಪ್ರಾಧ್ಯಾಪಕ ಚರ್ಚಿನ ಬಗ್ಗೆ ದೊಡ್ಡ ಗ್ರಂಥ ಬರೆದಿದ್ದ. ಧರ್ಮಗ್ರಂಥದ ಅರ್ಥವನ್ನು ವಿದ್ವಾಂಸರು ವಿವೇಚಿಸಿ ತಿಳಿಸಬೇಕು ಎಂಬುದು ಅದರ ನಿಲುವು. ಗ್ರುಂಟ್‌ವಿಗ್ ಕೆಲವೇ ದಿನಗಳಲ್ಲಿ ಖಾರವಾದ ಕಿರುಹೊತ್ತಗೆಯೊಂದನ್ನು ಹೊರತಂದ. ಧರ್ಮ ಇರುವುದು ಪ್ರಾಧ್ಯಾಪಕರ ವ್ಯಾಖ್ಯಾನದಲ್ಲಲ್ಲ. ದೀಕ್ಷಾಸ್ನಾನದ ಹೊತ್ತಿನಲ್ಲಿ ಅಕ್ಷರ ಬಾರದ ರೈತನೂ ಬಾಯಿಬಿಟ್ಟು ಹೇಳುವ ನಂಬಿಕೆಯ ಮಾತಿನಲ್ಲಿ, ಆ ಜೀವಂತ ಸಭೆಯಲ್ಲಿ ಎಂಬುದು ಅವನ ವಾದದ ತಿರುಳು. ವಾದ ಅಷ್ಟಕ್ಕೇ ನಿಲ್ಲಲಿಲ್ಲ. ಕ್ಲೌಸೆನ್ ಹುದ್ದೆ ಬಿಡಬೇಕೆಂದೂ ಕೇಳಿದ. ಕ್ಲೌಸೆನ್ ಮಾನನಷ್ಟದ ದಾವೆ ಹೂಡಿದ. ಇತ್ತ ಡೆನ್ಮಾರ್ಕಿಗೆ ಕ್ರೈಸ್ತ ಧರ್ಮ ಬಂದು ಸಾವಿರ ವರ್ಷವಾದ ಸಂದರ್ಭದಲ್ಲಿ ಅವನು ಬರೆದ ಸ್ತುತಿಗೀತೆಗಳನ್ನು ಹಾಡಲು ಮೇಲಿನವರು ಅನುಮತಿ ಕೊಡಲಿಲ್ಲ. 1826ರಲ್ಲಿ ಅವನು ರಾಜೀನಾಮೆ ಕೊಟ್ಟ. ಅದೇ ವರ್ಷ ತೀರ್ಪು ಬಂತು: ದಂಡ, ಅದರ ಜೊತೆಗೆ ಜೀವಮಾನದ ಸೆನ್ಸಾರ್. ಏನು ಬರೆದರೂ ಅಚ್ಚಿಗೆ ಮೊದಲು ಅಧಿಕಾರಿಗೆ ತೋರಿಸಬೇಕು. ಹೆಂಡತಿ ಮಕ್ಕಳಿದ್ದ, ಸಂಬಳವಿಲ್ಲದ ಬರಹಗಾರನಿಗೆ ಇದು ಸಣ್ಣ ಶಿಕ್ಷೆಯಲ್ಲ. ಸೆನ್ಸಾರ್ ತೆರವಾದದ್ದು 1837ರಲ್ಲಿ.

ಈ ಹನ್ನೊಂದು ವರ್ಷ ಅವನಿಗೆ ಕಲಿಸಿದ್ದನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ಮೊದಲು ಅವನು ತಪ್ಪು ಬೋಧಿಸುವವರನ್ನು ಚರ್ಚಿನಿಂದ ಹೊರಹಾಕಲು ಹೊರಟವನು. ಬಾಯಿ ಕಟ್ಟಿಸಿಕೊಂಡ ಮೇಲೆ, ಎಲ್ಲರಿಗೂ ಒಂದೇ ಚರ್ಚಿನೊಳಗೆ ತಮ್ಮ ತಮ್ಮ ನಂಬಿಕೆಯ ಪ್ರಕಾರ ನಡೆಯುವ ಸ್ವಾತಂತ್ರ್ಯ ಬೇಕು ಎನ್ನತೊಡಗಿದ. ಎದುರಾಳಿಗೂ ಸಿಗದ ಸ್ವಾತಂತ್ರ್ಯ ತನಗೂ ಸಿಗುವುದಿಲ್ಲ ಎಂದು ಅವನಿಗೆ ತಿಳಿದಿತ್ತು. ಪುಸ್ತಕದಿಂದ ಬಂದ ತಿಳಿವಳಿಕೆ ಇದಲ್ಲ.

ಒಂದು ವಿಚಿತ್ರವೆಂದರೆ, ನ್ಯಾಯಾಲಯ ಬಾಯಿ ಕಟ್ಟಿದವನಿಗೆ ದೊರೆಯೇ ಪ್ರವಾಸದ ಹಣ ಕೊಟ್ಟ. ಹಳೆಯ ಇಂಗ್ಲಿಷ್ ಹಸ್ತಪ್ರತಿ ಓದಲು 1829ರಿಂದ 1831ರ ತನಕ ಮೂರು ಬೇಸಿಗೆ ಇಂಗ್ಲೆಂಡಿಗೆ ಹೋದ. ಹಸ್ತಪ್ರತಿಗಿಂತ ಅವನನ್ನು ಸೆಳೆದದ್ದು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು. ಅಲ್ಲಿ ಗುರುಶಿಷ್ಯರು ಒಂದೇ ಆವರಣದಲ್ಲಿ ವಾಸಿಸಿ, ಕೂಡಿ ಉಂಡು, ಮಾತಾಡುತ್ತಿದ್ದರು.

ಆ ಹೊತ್ತಿಗೆ ಡೆನ್ಮಾರ್ಕಿನಲ್ಲೂ ರಾಜಕೀಯ ಬದಲಾಗತೊಡಗಿತ್ತು. ಆರನೆಯ ಫ್ರೆಡರಿಕ್ ದೊರೆ 1830ರ ದಶಕದಲ್ಲಿ ನಾಲ್ಕು ಪ್ರಾಂತೀಯ ಸಲಹಾ ಸಭೆಗಳನ್ನು ಏರ್ಪಡಿಸಿದ. ಜಮೀನು ಹಿಡಿದ ರೈತರೂ ಅಲ್ಲಿ ಕುಳಿತುಕೊಳ್ಳಬಹುದಿತ್ತು. ನಮ್ಮ ಮೈಸೂರು ಪ್ರಜಾಪ್ರತಿನಿಧಿ ಸಭೆಯಂತೆ ಅದಕ್ಕೂ ಸಲಹೆ ಕೊಡುವ ಅಧಿಕಾರ ಮಾತ್ರ. ಗ್ರುಂಟ್‌ವಿಗ್‌ಗೆ ಮೊದಲು ಈ ಸಭೆಗಳಲ್ಲಿ ನಂಬಿಕೆ ಇರಲಿಲ್ಲ. ಆದರೆ ಬಂದ ಮೇಲೆ, ಅಲ್ಲಿ ಕೂರುವ ರೈತನಿಗೆ ಎದ್ದು ನಿಂತು ಮಾತನಾಡುವ ಧೈರ್ಯ, ತನ್ನ ದೇಶದ ಕಾನೂನು, ಇತಿಹಾಸದ ಅರಿವು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಅವನನ್ನು ಹಿಡಿಯಿತು. ಲ್ಯಾಟಿನ್ ಶಾಲೆಯಿಂದ ಅದು ಬಾರದು. 1814ರ ಕಾನೂನಿನಿಂದ ಕಡ್ಡಾಯವಾಗಿದ್ದ ಪ್ರಾಥಮಿಕ ಶಾಲೆಯ ಉರುಪಾಠದಿಂದಲೂ ಬಾರದು. ಹದಿನೆಂಟು ದಾಟಿದ ತರುಣರು ಚಳಿಗಾಲದಲ್ಲಿ ಬಂದು ಉಳಿಯುವ ಶಾಲೆ ಬೇಕು. ತಾಯ್ನುಡಿಯಲ್ಲಿ ಪಾಠ, ಕಥನ, ಹಾಡು, ಚರ್ಚೆ. ಪ್ರವೇಶಕ್ಕೂ ಪರೀಕ್ಷೆ ಇಲ್ಲ, ಕೊನೆಗೂ ಇಲ್ಲ. ಪುಸ್ತಕಕ್ಕಿಂತ ಬಾಯಿಮಾತು ಮೇಲು ಎಂಬುದು ಚರ್ಚಿನ ಜಗಳದಲ್ಲಿ ಅವನು ಹಿಡಿದ ಎಳೆ. ಅದನ್ನೇ ಶಾಲೆಗೂ ಎಳೆದ. ಜನತಾ ವಿದ್ಯಾಲಯದ ಕಲ್ಪನೆ ಇಷ್ಟೇ.

ಇಲ್ಲಿ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು ಹೇಳಬೇಕು. ಕಥನ ಪದ್ಧತಿ ಎಂದರೆ ಶಿಕ್ಷಕ ನಲವತ್ತು ನಿಮಿಷ ಮಾತಾಡುವುದು ಎಂದು ಗ್ರುಂಟ್‌ವಿಗ್‌ನ ಹೆಸರು ಹೇಳಿ ಸಮರ್ಥಿಸಿಕೊಳ್ಳಬಾರದು. ಅವನ ದೃಷ್ಟಿಯಲ್ಲಿ ಜೀವಂತ ಮಾತೆಂದರೆ ಎರಡು ಕಡೆಯಿಂದ ನಡೆಯುವ ಮಾತು.

ಅಂಥ ಶಾಲೆಯನ್ನು ಅವನೇ ಯಾವತ್ತೂ ನಡೆಸಲಿಲ್ಲ. ಸೋರೋದಲ್ಲಿ ರಾಜ್ಯದಿಂದಲೇ ದೊಡ್ಡ ವಿದ್ಯಾಲಯ ತೆರೆಯಲು ಎಂಟನೆಯ ಕ್ರಿಶ್ಚಿಯನ್ ದೊರೆ ಒಪ್ಪಿದ್ದ. 1848ರ ಜನವರಿಯಲ್ಲಿ ದೊರೆ ತೀರಿಕೊಂಡ, ಯೋಜನೆಯೂ ಅಲ್ಲಿಗೆ ನಿಂತಿತು. ಆದರೆ 1844ರಲ್ಲೇ ಗಡಿನಾಡಾದ ಸ್ಲೆಸ್ವಿಗ್‌ನ ರೋಡಿಂಗ್‌ನಲ್ಲಿ ಅವನ ಆಲೋಚನೆಯ ಮೊದಲ ಶಾಲೆ ಆರಂಭವಾಗಿತ್ತು. 1851ರಲ್ಲಿ ಕ್ರಿಸ್ಟೆನ್ ಕೋಲ್ ಎಂಬ ಚಮ್ಮಾರನ ಮಗ ರುಸ್ಲಿಂಗೆಯಲ್ಲಿ, ರೈತರ ಮಕ್ಕಳೊಂದಿಗೆ ಒಂದೇ ಸೂರಿನಡಿ ಬದುಕುತ್ತ, ಇನ್ನೊಂದನ್ನು ನಡೆಸಿದ. ಯೋಚಿಸಿದವನು ಒಬ್ಬ, ಮಾಡಿ ತೋರಿಸಿದವನು ಇನ್ನೊಬ್ಬ. ಕೋಲ್‌ಗೂ ಒಂದು ಲೇಖನ ಸಲ್ಲಬೇಕು.

1848ರಲ್ಲಿ ಯೂರೋಪಿನ ಕ್ರಾಂತಿಯ ಗಾಳಿಗೆ ಡೆನ್ಮಾರ್ಕಿನ ನಿರಂಕುಶಾಧಿಕಾರ ರಕ್ತಪಾತವಿಲ್ಲದೆ ಕೊನೆಗೊಂಡಿತು. ಸಂವಿಧಾನ ರಚನಾ ಸಭೆಗೆ ಗ್ರುಂಟ್‌ವಿಗ್ ಆಯ್ಕೆಯಾದ. 1849ರ ಜೂನ್ 5ರ ಸಂವಿಧಾನ ಲೂಥರನ್ ಚರ್ಚನ್ನು ಜನರ ಚರ್ಚು ಎಂದು ಕರೆದು ಅದಕ್ಕೆ ರಾಜ್ಯದ ಬೆಂಬಲ ಉಳಿಸಿತು. ದೊರೆ ಆ ಪಂಥದವನೇ ಆಗಿರಬೇಕೆಂದಿತು. ಪ್ರಜೆಗಳು ಮಾತ್ರ ನೀತಿಗೂ ಸಾರ್ವಜನಿಕ ಸುವ್ಯವಸ್ಥೆಗೂ ಭಂಗ ಬಾರದಂತೆ ತಮಗೆ ಬೇಕಾದ ರೀತಿ ದೇವರನ್ನು ಪೂಜಿಸಬಹುದು. ನಂಬಿಕೆಯ ಕಾರಣಕ್ಕೆ ಯಾರ ನಾಗರಿಕ ಹಕ್ಕೂ ಹೋಗದು. ಕೆಲವೇ ವರ್ಷಗಳ ಹಿಂದೆ ಅದೇ ದೇಶದಲ್ಲಿ ಬ್ಯಾಪ್ಟಿಸ್ಟರ ಮಕ್ಕಳಿಗೆ ಒತ್ತಾಯದಿಂದ ದೀಕ್ಷಾಸ್ನಾನ ಮಾಡಿಸಿದ್ದರು ಎಂಬುದನ್ನು ಇದರ ಪಕ್ಕಕ್ಕಿಟ್ಟರೆ ಬದಲಾವಣೆಯ ಅಳತೆ ಸಿಗುತ್ತದೆ. ನಮ್ಮ ಸಂವಿಧಾನದ 25ನೆಯ ವಿಧಿಯನ್ನು ಇದರ ಜೊತೆಗೆ ಓದಿಸಬಹುದು. ಸುವ್ಯವಸ್ಥೆ, ನೈತಿಕತೆ ಎಂಬ ಮಿತಿಗಳು ಎರಡರಲ್ಲೂ ಇವೆ. ರಾಜ್ಯಕ್ಕೆ ಒಂದು ಚರ್ಚು ಎಂಬ ಮಾತು ನಮ್ಮಲ್ಲಿಲ್ಲ. ಪೂರ್ಣವಾಗಿ ಸರ್ಕಾರಿ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧೆ ಇಲ್ಲ ಎಂಬ 28ನೆಯ ವಿಧಿ ನಮ್ಮದೇ ದಾರಿ.

ಕೊನೆಯ ಮತದಾನದಲ್ಲಿ ಗ್ರುಂಟ್‌ವಿಗ್ ಸಂವಿಧಾನದ ಪರವಾಗಿ ಕೈ ಎತ್ತಲಿಲ್ಲ, ವಿರೋಧವಾಗಿಯೂ ಎತ್ತಲಿಲ್ಲ. ಹಲವು ಕಲಮುಗಳು ಅವನಿಗೆ ಹಿಡಿಸಿರಲಿಲ್ಲ. 1855ರಲ್ಲಿ ಜನ ತಮ್ಮೂರಿನ ಪಾದ್ರಿಯನ್ನು ಬಿಟ್ಟು ತಮಗೆ ಒಪ್ಪುವ ಬೇರೆ ಪಾದ್ರಿಯ ಬಳಿ ಹೋಗಬಹುದು ಎಂಬ ಕಾನೂನು ಬಂದಾಗ, ಅವನು ವರ್ಷಗಳಿಂದ ಕೇಳುತ್ತಿದ್ದದ್ದು ಸಿಕ್ಕಿತು.

ಅವನ ಎಲ್ಲವನ್ನೂ ಒಪ್ಪಬೇಕಾಗಿಲ್ಲ. ಕಡ್ಡಾಯ ಶಾಲೆಯನ್ನು ಅವನು ವಿರೋಧಿಸಿದ. ಹೆಣ್ಣುಮಕ್ಕಳನ್ನು ಶಾಲೆಗೆ ತರಲು ಕಾನೂನಿನ ಬಲವೇ ಬೇಕಾದ ನಾಡಿನಲ್ಲಿ ನಿಂತು ನಾನು ಅದನ್ನು ಒಪ್ಪಲಾರೆ. ಡೇನಿಷ್ ಎಂಬ ಅಭಿಮಾನ ಅವನಲ್ಲಿ ಎಷ್ಟಿತ್ತೆಂದರೆ ಸ್ಲೆಸ್ವಿಗ್‌ನ ಜರ್ಮನ್ ಭಾಷಿಕರ ಕಷ್ಟ ಅವನಿಗೆ ಅಷ್ಟಾಗಿ ಕಾಣಲಿಲ್ಲ. 1849ರ ಸಂವಿಧಾನದಲ್ಲಿ ಹೆಂಗಸರಿಗೂ ಮನೆಯಾಳುಗಳಿಗೂ ಮತವಿರಲಿಲ್ಲ. ಆದರೆ 1866ರಲ್ಲಿ, ಭೂಮಾಲೀಕರ ಕೈ ಮೇಲಾಗುವಂತೆ ಸಂವಿಧಾನ ತಿದ್ದಲು ಹೊರಟಾಗ, 82ರ ಮುದುಕ ಮೇಲ್ಮನೆಗೆ ಆಯ್ಕೆಯಾಗಿ ಬಂದು ಎದುರು ನಿಂತ. ಸೋತ.

1839ರಿಂದ ಸಾಯುವವರೆಗೆ ಅವನು ಕೋಪನ್‌ಹೇಗನ್ನಿನ ವಾರ್ಟೋವ್ ಎಂಬ ವೃದ್ಧರ ಆಶ್ರಮದ ಚರ್ಚಿನಲ್ಲಿ ಪಾದ್ರಿಯಾಗಿದ್ದ. ಸುಮಾರು 1,500 ಸ್ತುತಿಗೀತೆಗಳನ್ನು ಬರೆದ. ಮೂರು ಬಾರಿ ಮದುವೆಯಾದ. 1872ರ ಸೆಪ್ಟೆಂಬರ್ 1ರಂದು ಪ್ರವಚನ ಮಾಡಿ, ಮರುದಿನ ತೀರಿಕೊಂಡ.

1864ರ ಯುದ್ಧದಲ್ಲಿ ಡೆನ್ಮಾರ್ಕ್ ಸ್ಲೆಸ್ವಿಗ್ ಕಳೆದುಕೊಂಡ ಮೇಲೆ ಜನತಾ ವಿದ್ಯಾಲಯಗಳು ಊರೂರಿಗೆ ಹಬ್ಬಿದವು. ಹಾಲಿನ ಸಹಕಾರ ಸಂಘಗಳನ್ನು ಕಟ್ಟಿದ ರೈತರಲ್ಲಿ ಬಹಳ ಮಂದಿ ಅಲ್ಲಿ ಕಲಿತವರು. ಸ್ವೀಡನ್ 2000ದಲ್ಲಿ ಚರ್ಚನ್ನು ರಾಜ್ಯದಿಂದ ಬೇರ್ಪಡಿಸಿತು. ನಾರ್ವೆ 2012ರಲ್ಲಿ ಸಂವಿಧಾನ ತಿದ್ದಿ ಅದೇ ಕಡೆಗೆ ಸರಿಯಿತು. ಡೆನ್ಮಾರ್ಕಿನಲ್ಲಿ ಜನರ ಚರ್ಚು ಇನ್ನೂ ರಾಜ್ಯದ ಆಸರೆಯಲ್ಲೇ ಇದೆ. ಜನತಾ ವಿದ್ಯಾಲಯಗಳಲ್ಲಿ ಪರೀಕ್ಷೆ ಇಂದಿಗೂ ಇಲ್ಲ.

ನಮ್ಮಲ್ಲೂ ಇದರ ಒಂದು ಕೊಂಬೆ ಚಿಗುರಿತ್ತು. ಮೈಸೂರು ವಯಸ್ಕರ ಶಿಕ್ಷಣ ಸಮಿತಿ 1940ರ ದಶಕದ ಕೊನೆಯಲ್ಲಿ, ಡೆನ್ಮಾರ್ಕಿನ ಈ ಶಾಲೆಗಳ ಮಾದರಿಯಲ್ಲೇ, ನಂಜನಗೂಡಿನಲ್ಲಿ ವಿದ್ಯಾಪೀಠ ತೆರೆಯಿತು. ಹಳ್ಳಿಯ ತರುಣರು ಕೆಲವು ತಿಂಗಳು ಅಲ್ಲೇ ಉಳಿದು ಬೇಸಾಯ, ಕಸುಬು, ಪೌರನೀತಿ ಕಲಿಯುತ್ತಿದ್ದರು. ಮುಂದಿನ ಬ್ಯಾಚಿನ ಶೈಕ್ಷಣಿಕ ಪ್ರವಾಸ ಮೈಸೂರಿನ ಕಡೆಗಿದ್ದರೆ, ನಂಜುಂಡೇಶ್ವರನ ದರ್ಶನದ ಜೊತೆಗೆ ಆ ವಿದ್ಯಾಪೀಠದ ಕಥೆಯನ್ನೂ ಪ್ರಶಿಕ್ಷಣಾರ್ಥಿಗಳು ಕೇಳಿಕೊಂಡು ಬರಲಿ ಎಂದು ಪ್ರಾಂಶುಪಾಲರಲ್ಲಿ ಕೇಳಿಕೊಂಡಿದ್ದೇನೆ.