ಕೊಬ್ಬನ್ನು ಬಿಡಿಸಿ ನೋಡಿದ ಶೆವ್ರಲ್

ನಿಮ್ಮ ಲಿಪಿಡ್ ಪ್ರೊಫೈಲ್ ವರದಿಯಲ್ಲಿ ಕಾಣುವ ಕೊಲೆಸ್ಟೆರಾಲ್ ಎಂಬ ಹೆಸರಿಗೆ ಮೂಲ, ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರಲ್ ಇಟ್ಟ ಹೆಸರು. ಅಡುಗೆ ಎಣ್ಣೆಯ ಲೇಬಲ್ ಓದುವಾಗಲೂ ಅವರ ಕೆಲಸ ನಿಮ್ಮ ನೆರವಿಗೆ ಬರುತ್ತದೆ.

ಶೆವ್ರಲ್ ಹುಟ್ಟಿದ್ದು 1786ರಲ್ಲಿ, ಆಂಜೆ ಪಟ್ಟಣದ ವೈದ್ಯರೊಬ್ಬರ ಮನೆಯಲ್ಲಿ. 17ನೇ ವಯಸ್ಸಿನಲ್ಲಿ ಪ್ಯಾರಿಸ್‌ಗೆ ಬಂದು ರಸಾಯನಶಾಸ್ತ್ರ ಕಲಿತರು. ಕೊಬ್ಬು ಕ್ಷಾರದ ಜೊತೆ ಹಾಗೆಯೇ ಕೂಡಿಕೊಂಡು ಸಾಬೂನಾಗುತ್ತದೆ ಎಂದು ಆಗ ನಂಬಲಾಗಿತ್ತು. 1811ರಲ್ಲಿ ಹಂದಿ ಕೊಬ್ಬಿನ ಸಾಬೂನನ್ನು ಪರೀಕ್ಷಿಸಲು ಆರಂಭಿಸಿದ ಶೆವ್ರಲ್, ಅದು ನಿಜವಲ್ಲ ಎಂದು ತೋರಿಸಿದರು. ಸಾಬೂನಾಗುವಾಗ ಕೊಬ್ಬು ಒಡೆದು ಗ್ಲಿಸರಿನ್ ಮತ್ತು ಕೊಬ್ಬಿನಾಮ್ಲಗಳಾಗಿ ಬೇರೆಯಾಗುತ್ತದೆ. ಈ ಸಂಶೋಧನೆಗಳೆಲ್ಲ 1823ರಲ್ಲಿ ಪುಸ್ತಕವಾಗಿ ಬಂದವು.

ಪಿತ್ತಕೋಶದ ಕಲ್ಲುಗಳಲ್ಲಿ ಸಿಗುವ ಒಂದು ವಸ್ತು ಮಾತ್ರ ಕ್ಷಾರದೊಡನೆ ಸಾಬೂನಾಗಲಿಲ್ಲ. ಅದಕ್ಕೆ ಅವರು ಗಟ್ಟಿ ಪಿತ್ತ ಎಂಬ ಅರ್ಥದ ಗ್ರೀಕ್ ಪದಗಳಿಂದ ಕೊಲೆಸ್ಟರಿನ್ ಎಂದು ಹೆಸರಿಟ್ಟರು. ಮಧುಮೇಹಿಗಳ ಮೂತ್ರದಲ್ಲಿರುವ ಸಕ್ಕರೆಯೂ ದ್ರಾಕ್ಷಿಯ ಸಕ್ಕರೆಯೂ ಒಂದೇ ಎಂದು 1815ರಲ್ಲಿ ತೋರಿಸಿದವರೂ ಅವರೇ. ಇಂದು ನಾವು ಅದನ್ನು ಗ್ಲೂಕೋಸ್ ಎನ್ನುತ್ತೇವೆ.

ಅವರು ಬೇರ್ಪಡಿಸಿದ ಕೊಬ್ಬಿನಾಮ್ಲಗಳಲ್ಲಿ ಎರಡನ್ನು ನೆನಪಿಡಿ. ಸ್ಟಿಯರಿಕ್ ಆಮ್ಲ ಗಟ್ಟಿ, ಕರಗಲು ಸುಮಾರು 69 ಡಿಗ್ರಿ ಸೆಲ್ಸಿಯಸ್ ಬೇಕು. ಓಲಿಕ್ ಆಮ್ಲ ಸುಮಾರು 14 ಡಿಗ್ರಿಗೇ ಕರಗುತ್ತದೆ. ಕಾರಣ ತಿಳಿದದ್ದು ನಂತರ: ಓಲಿಕ್ ಆಮ್ಲದ ಇಂಗಾಲದ ಸರಪಳಿಯಲ್ಲಿ ಒಂದು ಜೋಡಿ ಬಂಧ ಇದೆ. ಇಂಥದ್ದೇ ಅನ್‌ಸ್ಯಾಚುರೇಟೆಡ್. ಜೋಡಿ ಬಂಧವೇ ಇಲ್ಲದ್ದು ಸ್ಯಾಚುರೇಟೆಡ್.

ಜೋಡಿ ಬಂಧ ಅಯೋಡಿನ್ ಅನ್ನು ಹೀರಿಕೊಳ್ಳುತ್ತದೆ. ಇದನ್ನು ಅಳೆಯುವ ವಿಧಾನವನ್ನು 1884ರಲ್ಲಿ ಹ್ಯೂಬಲ್ ಪ್ರಕಟಿಸಿದಾಗ ಶೆವ್ರಲ್ ಇನ್ನೂ ಬದುಕಿದ್ದರು. 100 ಗ್ರಾಂ ಕೊಬ್ಬು ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೋ ಅದೇ ಅದರ ಅಯೋಡಿನ್ ಮೌಲ್ಯ. ತೆಂಗಿನೆಣ್ಣೆಯದು 10ರ ಆಸುಪಾಸು, ಶೇಂಗಾ ಎಣ್ಣೆಯದು 90ರ ಆಸುಪಾಸು, ಸೂರ್ಯಕಾಂತಿ ಎಣ್ಣೆಯದು ಸಾಮಾನ್ಯವಾಗಿ 120ಕ್ಕೂ ಹೆಚ್ಚು. ಶಾಲೆಯ ಪ್ರಾಜೆಕ್ಟ್‌ನಲ್ಲಿ ಮಕ್ಕಳು ಎಣ್ಣೆಗೆ ಅಯೋಡಿನ್ ಹನಿಸಿ ಬಣ್ಣ ಮಾಸುವುದನ್ನು ನೋಡುವುದು ಇದೇ ತತ್ವದ ಮೇಲೆ. ದೆಹಲಿಯ ಚಳಿಗೆ ತೆಂಗಿನೆಣ್ಣೆ ಗಟ್ಟಿಯಾಗಿ, ಶೇಂಗಾ ಎಣ್ಣೆ ಹರಿಯುತ್ತಲೇ ಇರುವುದಕ್ಕೂ ಈ ವ್ಯತ್ಯಾಸವೇ ಮುಖ್ಯ ಕಾರಣ.

ಶೆವ್ರಲ್ 1889ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು. ಐಫೆಲ್ ಗೋಪುರದ ಮೇಲೆ ಕೆತ್ತಿದ 72 ಹೆಸರುಗಳಲ್ಲಿ ಅವರದೂ ಒಂದು.

ಎಣ್ಣೆ ಕೊಳ್ಳುವಾಗ ಕೊಲೆಸ್ಟೆರಾಲ್ ಇಲ್ಲ ಎಂಬ ದೊಡ್ಡ ಅಕ್ಷರಗಳಿಗೆ ಮರುಳಾಗಬೇಡಿ. ಸಸ್ಯಜನ್ಯ ಎಣ್ಣೆಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹೆಚ್ಚುಕಡಿಮೆ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬಿರುವ ಪಾಮ್ ಎಣ್ಣೆಯಲ್ಲೂ ಹಾಗೆಯೇ. ರಕ್ತದ ಎಲ್‌ಡಿಎಲ್ ಏರಲು ಸ್ಯಾಚುರೇಟೆಡ್ ಮತ್ತು ಟ್ರಾನ್ಸ್ ಕೊಬ್ಬು ಕಾರಣವಾಗುತ್ತವೆ. ಹೃದ್ರೋಗಿಗಳಿರುವ ಮನೆಯವರು ಲೇಬಲ್‌ನಲ್ಲಿ ಆ ಎರಡು ಸಾಲುಗಳನ್ನು ಮೊದಲು ಓದಿ. ಯಾವ ಎಣ್ಣೆಯಾದರೂ ಬಳಕೆ ಮಿತವಾಗಿರಲಿ. ಎಣ್ಣೆ ಬದಲಿಸಿದಿರೆಂದು ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.