ಶೋಪೆನ್‌ಹಾವರ್ ನುಡಿದ ಭವಿಷ್ಯ

ಜರ್ಮನ್ ತತ್ತ್ವಜ್ಞಾನಿ ಆರ್ಥರ್ ಶೋಪೆನ್‌ಹಾವರ್ 1788ರಲ್ಲಿ ಡಾನ್‌ಜಿಗ್ ನಗರದಲ್ಲಿ ಜನಿಸಿದನು. 1793ರಲ್ಲಿ ಆ ನಗರ ಪ್ರಷ್ಯಾದ ವಶವಾದಾಗ ಕುಟುಂಬವು ಹ್ಯಾಂಬರ್ಗ್‌ಗೆ ವಲಸೆ ಹೋಯಿತು. ಆಡಳಿತ ಬದಲಾದಾಗ ಮನೆತನಗಳು ಪಡುವ ಪಾಡನ್ನು ಗಡಿನಾಡಿನವರಾದ ನಮಗೆ ವಿವರಿಸಬೇಕಿಲ್ಲ.

ಉಪನಿಷತ್ತುಗಳು ಆತನನ್ನು ತಲುಪಿದ್ದು ಅನುವಾದದ ಅನುವಾದವಾಗಿ. ಮೊಗಲ್ ರಾಜಕುಮಾರ ದಾರಾ ಶಿಕೋ 1657ರಲ್ಲಿ ಪಂಡಿತರ ನೆರವಿನಿಂದ ಐವತ್ತು ಉಪನಿಷತ್ತುಗಳನ್ನು ಪಾರಸಿಗೆ ತಂದನು. ಎರಡೇ ವರ್ಷಗಳಲ್ಲಿ ಅವನ ಕೊಲೆಯಾಯಿತು. ಆ ಪಾರಸಿ ಕೃತಿಯನ್ನು ಫ್ರಾನ್ಸಿನ ಆಂಕೆತಿಲ್ ದ್ಯುಪೆರೋನ್ ಲ್ಯಾಟಿನ್‌ಗೆ ಅನುವಾದಿಸಿ 1801-02ರಲ್ಲಿ ಪ್ರಕಟಿಸಿದನು. ಶೋಪೆನ್‌ಹಾವರ್ ಬಾಳಿನುದ್ದಕ್ಕೂ ಓದಿದ್ದು ಆ ಲ್ಯಾಟಿನ್ ಗ್ರಂಥವನ್ನು. ಸಾಕುನಾಯಿಗೂ ಆತ್ಮ ಎಂದೇ ಹೆಸರಿಟ್ಟಿದ್ದನು!

1818ರ ಕೊನೆಗೆ ಹೊರಬಂದ ತನ್ನ ಮುಖ್ಯ ಕೃತಿಯಲ್ಲಿ, ಭಾರತಕ್ಕೆ ಪಾದ್ರಿಗಳನ್ನು ಕಳುಹಿಸುವುದು ವ್ಯರ್ಥವೆಂದೂ, ಭಾರತದ ಜ್ಞಾನವೇ ಯುರೋಪಿಗೆ ಹರಿದುಬಂದು ಅಲ್ಲಿನ ಚಿಂತನೆಯನ್ನು ಬುಡದಿಂದ ಬದಲಿಸುವುದೆಂದೂ ನುಡಿದನು. ಇದನ್ನು ಒಂದು ಮತದ ದಿಗ್ವಿಜಯದ ಭವಿಷ್ಯವೆಂದು ಮೆರೆಸುವುದು ನಮಗೆ ಸರಿಕಾಣದು. ಆತನ ಮಾತು ವಿಚಾರದ ಕುರಿತಾದುದು. ಬೌದ್ಧ ಧರ್ಮವೂ ಆತನಿಗೆ ಅಷ್ಟೇ ಪ್ರಿಯವಾಗಿತ್ತು.

ಬರ್ಲಿನ್‌ನಲ್ಲಿ ಹೆಗೆಲನ ಉಪನ್ಯಾಸದ ವೇಳೆಗೇ ತನ್ನ ಪಾಠವನ್ನಿಟ್ಟು, ಕೇಳುವವರಿಲ್ಲದೆ ಸೋತನು. ಕೀರ್ತಿ ಬಂದುದು 1851ರ ಬಳಿಕ; 1860ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ನಿಧನನಾದನು. ಆತನ ಅನುಯಾಯಿ ಪಾಲ್ ಡಾಯ್ಸನ್ 1897ರಲ್ಲಿ ಅರವತ್ತು ಉಪನಿಷತ್ತುಗಳ ಜರ್ಮನ್ ಅನುವಾದವನ್ನು ಪ್ರಕಟಿಸಿದನು.