ಟಂಕಸಾಲೆಯ ನ್ಯೂಟನ್: ದೋಷ ಅಚ್ಚಿನದೋ, ಕತ್ತರಿಯದೋ?

ಐಸಾಕ್ ನ್ಯೂಟನ್ ಎಂದೊಡನೆ ನೆನಪಾಗುವುದು ಸೇಬಿನ ಮರ, ಗುರುತ್ವಾಕರ್ಷಣೆ ಹಾಗೂ ಶಾಲೆಯಲ್ಲಿ ಬಾಯಿಪಾಠ ಮಾಡಿದ ಮೂರು ನಿಯಮಗಳು. ಈ ಮಹಾವಿಜ್ಞಾನಿ ತಮ್ಮ ಬದುಕಿನ ಕೊನೆಯ 31 ವರ್ಷಗಳನ್ನು ಲಂಡನ್ನಿನ ಟಂಕಸಾಲೆಯ ಅಧಿಕಾರಿಯಾಗಿ ಕಳೆದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅಂಚು ಕಳೆದುಕೊಂಡ ನಾಣ್ಯ ಹುಟ್ಟಿನಿಂದಲೇ ಹಾಗಿತ್ತೋ, ಅನಂತರ ಯಾರಾದರೂ ಕತ್ತರಿಸಿದರೋ ಎಂಬುದು ಇಂದು ಸಂಗ್ರಹಕಾರರ ಕುತೂಹಲದ ಪ್ರಶ್ನೆ. ನ್ಯೂಟನ್ನರ ಕಾಲದಲ್ಲಿ ಅದು ನೇಣುಗಂಬದ ಪ್ರಶ್ನೆಯಾಗಿತ್ತು.

ಅಂದಿನ ಇಂಗ್ಲೆಂಡಿನ ಪಂಚಾಂಗದಂತೆ 1642ರ ಡಿಸೆಂಬರ್ 25ರಂದು ಲಿಂಕನ್‌ಷೈರ್‌ನ ವೂಲ್ಸ್‌ಥಾರ್ಪ್ ಎಂಬಲ್ಲಿ ಅವರ ಜನನ. ಹುಟ್ಟುವ ಮುನ್ನವೇ ತಂದೆ ತೀರಿಕೊಂಡಿದ್ದರು. ಮೂರು ವರ್ಷದವರಿದ್ದಾಗ ತಾಯಿ ಮರುಮದುವೆಯಾದ್ದರಿಂದ ಅಜ್ಜಿಯ ಆಸರೆಯಲ್ಲಿ ಬೆಳೆದರು. 1661ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿ, 1669ರಲ್ಲಿ ಗಣಿತದ ಪ್ರಾಧ್ಯಾಪಕರಾದರು. 1687ರಲ್ಲಿ ‘ಪ್ರಿನ್ಸಿಪಿಯಾ’ ಪ್ರಕಟವಾಯಿತು. ಅದಾದ ಬಳಿಕ ಕೇಂಬ್ರಿಜ್‌ ಬಿಟ್ಟು ಲಂಡನ್ನಿಗೆ ಹೋಗುವ ಹಂಬಲ ಅವರಲ್ಲಿ ಬಲವಾಯಿತು. ಗೆಳೆಯ ಚಾರ್ಲ್ಸ್ ಮಾಂಟೆಗು ಅಲ್ಲಿ ಹಣಕಾಸಿನ ಹೊಣೆ ಹೊತ್ತಿದ್ದರು. ಅವರ ಮೂಲಕ 1696ರಲ್ಲಿ ಟಂಕಸಾಲೆಯ ವಾರ್ಡನ್ ಹುದ್ದೆ ದೊರೆಯಿತು. ಆಗ ನ್ಯೂಟನ್ನರ ವಯಸ್ಸು 53.

ಹಣದ ವ್ಯವಸ್ಥೆ ಆಗ ಹದಗೆಟ್ಟು ಹೋಗಿತ್ತು. 1660ರ ದಶಕದ ಆರಂಭದವರೆಗೆ ಇಂಗ್ಲೆಂಡಿನ ಬೆಳ್ಳಿ ನಾಣ್ಯಗಳು ಬಹುಪಾಲು ಸುತ್ತಿಗೆಯ ಪೆಟ್ಟಿನಿಂದಲೇ ತಯಾರಾಗುತ್ತಿದ್ದವು. ಎರಡು ಅಚ್ಚುಗಳ ನಡುವೆ ಬಿಲ್ಲೆಯನ್ನಿಟ್ಟು ಕೆಲಸಗಾರ ಬಡಿಯುತ್ತಿದ್ದ. ಬಿಲ್ಲೆ ಪೂರ್ತಿ ದುಂಡಗಿರುತ್ತಿರಲಿಲ್ಲ. ಪೆಟ್ಟು ಓರೆಯಾದರೆ ರಾಜನ ಚಿತ್ರ ಒಂದು ಬದಿಗೆ ಸರಿದು, ಅಕ್ಷರಗಳು ಅಂಚಿನಾಚೆ ಬಿದ್ದುಹೋಗುತ್ತಿದ್ದವು. ಹುಟ್ಟುವಾಗಲೇ ಅಂಕುಡೊಂಕಾದ ನಾಣ್ಯದಿಂದ ಯಾರೋ ಒಂದಿಷ್ಟು ಕತ್ತರಿಸಿಕೊಂಡರೆ ಸಂತೆಯ ಗದ್ದಲದಲ್ಲಿ ಅದನ್ನು ಪತ್ತೆಹಚ್ಚುವುದೆಂತು?

ನಿಧಾನವಾಗಿ ನೋಡಿದರೆ ಪತ್ತೆಹಚ್ಚಲು ಸಾಧ್ಯ. ಅಚ್ಚು ಸರಿದು ಬಿದ್ದ ನಾಣ್ಯದಲ್ಲಿ ಒಂದು ಬದಿಯ ಅಕ್ಷರಗಳು ಕಾಣೆಯಾದರೆ, ಎದುರು ಬದಿಯಲ್ಲಿ ಏನೂ ಮೂಡದ ಖಾಲಿ ಜಾಗ ಉಳಿದಿರುತ್ತದೆ. ಚಿತ್ರ ಕೆಟ್ಟಿದ್ದರೂ ಲೋಹ ಎಲ್ಲಿಗೂ ಹೋಗಿರುವುದಿಲ್ಲ. ಕತ್ತರಿ ಬಿದ್ದ ನಾಣ್ಯದಲ್ಲಿ ಆ ಖಾಲಿ ಜಾಗವಿರುವುದಿಲ್ಲ. ಅಕ್ಷರಗಳು ನಡುವಿನಲ್ಲೇ ತುಂಡಾಗಿರುತ್ತವೆ, ತೂಕವೂ ಇಳಿದಿರುತ್ತದೆ. ಆದರೆ ತಕ್ಕಡಿಯೂ ಪೂರ್ಣ ಸಾಕ್ಷಿಯಲ್ಲ. ಟಂಕಸಾಲೆಯಿಂದ ಹೊರಬೀಳುವಾಗಲೇ ಒಂದೊಂದು ನಾಣ್ಯದ ತೂಕ ತುಸು ಏರುಪೇರಾಗುತ್ತಿತ್ತು.

1660ರ ದಶಕದಲ್ಲಿ ಯಂತ್ರದ ನಾಣ್ಯಗಳು ಬಂದವು. ಅವು ದುಂಡಗಿದ್ದವು. ದೊಡ್ಡ ನಾಣ್ಯಗಳ ಅಂಚಿನಲ್ಲಿ ಅಲಂಕಾರವೂ ರಕ್ಷಣೆಯೂ ಹೌದು ಎಂಬರ್ಥದ ಲ್ಯಾಟಿನ್ ಪದಗಳಿದ್ದವು, ಚಿಕ್ಕವುಗಳಿಗೆ ಗೀರುಗಳಿದ್ದವು. ಕತ್ತರಿ ಆಡಿಸಿದರೆ ಗುರುತೇ ಅಳಿಸಿಹೋಗುತ್ತಿತ್ತು. ಆದರೆ ಸರ್ಕಾರ ಹಳೆಯ ನಾಣ್ಯಗಳನ್ನು ಹಿಂಪಡೆಯಲಿಲ್ಲ. ಪರಿಣಾಮವಾಗಿ ತೂಕದ ಹೊಸ ನಾಣ್ಯಗಳು ಪೆಟ್ಟಿಗೆ ಸೇರಿದವು ಅಥವಾ ಕರಗಿ ಗಟ್ಟಿಯಾಗಿ ಹೊರದೇಶಗಳಿಗೆ ಹೋದವು. ಸವೆದ, ಕತ್ತರಿಸಿದ ನಾಣ್ಯಗಳೇ ಕೈಯಿಂದ ಕೈಗೆ ಓಡಾಡಿದವು. 1695ರ ಹೊತ್ತಿಗೆ ಖಜಾನೆಗೆ ಬರುತ್ತಿದ್ದ ಹಳೆಯ ಬೆಳ್ಳಿ ನಾಣ್ಯಗಳ ತೂಕ ಇರಬೇಕಾದುದರ ಅರ್ಧಕ್ಕೆ ಇಳಿದಿತ್ತು.

ಎಲ್ಲವನ್ನೂ ಕರಗಿಸಿ ಹೊಸದಾಗಿ ಟಂಕಿಸುವ ತೀರ್ಮಾನ ನ್ಯೂಟನ್ನರು ಬರುವ ಮೊದಲೇ ಆಗಿತ್ತು. ವಾರ್ಡನ್ ಹುದ್ದೆ ಸಂಬಳ ಎಣಿಸುವ ಆರಾಮದ ಕೆಲಸವೆಂದೇ ಹೆಸರಾಗಿತ್ತು. ಆದರೆ ಅವರು ಮುದ್ರಣಯಂತ್ರದ ಪಕ್ಕ ನಿಂತು ನಿಮಿಷಕ್ಕೆ ಎಷ್ಟು ಪೆಟ್ಟು ಬೀಳುತ್ತದೆಂದು ಲೆಕ್ಕಹಾಕಿದರು. ಬ್ರಿಸ್ಟಲ್, ಚೆಸ್ಟರ್, ಎಕ್ಸಿಟರ್, ನಾರ್ವಿಚ್, ಯಾರ್ಕ್‌ಗಳಲ್ಲೂ ತಾತ್ಕಾಲಿಕ ಟಂಕಸಾಲೆಗಳು ಎದ್ದವು. ಚೆಸ್ಟರ್‌ಗೆ ಹೋದವರು ಧೂಮಕೇತುವಿನ ಖ್ಯಾತಿಯ ಎಡ್ಮಂಡ್ ಹ್ಯಾಲಿ!

ಅವಸರದ ಕೆಲಸದಲ್ಲಿ ತಪ್ಪುಗಳೂ ನುಸುಳಿದವು. ಮೂರನೆಯ ವಿಲಿಯಂ ದೊರೆಯ ಲ್ಯಾಟಿನ್ ಹೆಸರಿನಲ್ಲಿ ಅಕ್ಷರ ತಪ್ಪಿರುವ ಷಿಲ್ಲಿಂಗ್‌ಗಳು ಇಂದಿಗೂ ಸಿಗುತ್ತವೆ. ಈ ಬಗೆಯ ದೋಷವನ್ನು ಗುರುತಿಸುವುದು ಸುಲಭ, ಏಕೆಂದರೆ ಉಬ್ಬಿದ ಅಕ್ಷರವನ್ನು ಯಾವ ಕತ್ತರಿಯೂ ಮೂಡಿಸಲಾರದು. ಕಷ್ಟ ಕೊಡುವುದು ಅದೇ ಕಾಲದ ಬೆಳ್ಳಿಯ ಮೇಲೆ ಕಾಣುವ, ಹುಲ್ಲುಕಡ್ಡಿಯಂಥ ಸಣ್ಣ ಗೀರುಗಳು. ಸಂಗ್ರಹಕಾರರು ಇವನ್ನು ‘ಹೇಮಾರ್ಕ್’ ಎನ್ನುತ್ತಾರೆ. ನೋಡಿದವರು ಉಗುರಿನ ಗೀರೆಂದೇ ಭಾವಿಸುವುದು ಸಹಜ; ವಾಸ್ತವವಾಗಿ ಅವು ಬಿಲ್ಲೆಯ ಲೋಹದಲ್ಲೇ ಉಳಿದ ಕಶ್ಮಲದ ಗುರುತುಗಳು. ಬಳಿಕ ಬಿದ್ದ ಗೀರು ಚಿತ್ರವನ್ನು ಚೂಪಾಗಿ ಸೀಳಿಕೊಂಡು ಹೋಗುತ್ತದೆ, ಪಕ್ಕದಲ್ಲಿ ಲೋಹ ಏರಿಯಂತೆ ಮೇಲೆದ್ದಿರುತ್ತದೆ. ಮೊದಲೇ ಇದ್ದ ದೋಷದ ಮೇಲೆ ಅಚ್ಚಿನ ಭಾರ ಬಿದ್ದಿರುವುದರಿಂದ ಆ ಏರಿ ಇರುವುದಿಲ್ಲ.

ನಾಣ್ಯ ಕತ್ತರಿಸುವವರನ್ನೂ ಖೋಟಾ ನಾಣ್ಯ ತಯಾರಿಸುವವರನ್ನೂ ಹಿಡಿದು ಶಿಕ್ಷೆಗೊಳಪಡಿಸುವುದು ವಾರ್ಡನ್ನರ ಕರ್ತವ್ಯವಾಗಿತ್ತು. ಇವು ರಾಜದ್ರೋಹದ ಅಪರಾಧಗಳು, ಮರಣದಂಡನೆ ಖಚಿತ. ನ್ಯೂಟನ್ನರು ಈ ಹೊಣೆಯಿಂದ ತಮ್ಮನ್ನು ಬಿಡುಗಡೆ ಮಾಡಬೇಕೆಂದು ಕೋರಿದರು, ಸರ್ಕಾರ ಒಪ್ಪಲಿಲ್ಲ. ಬಳಿಕ ಗಣಿತಕ್ಕೆ ಕೊಟ್ಟಷ್ಟೇ ಏಕಾಗ್ರತೆಯನ್ನು ಇದಕ್ಕೂ ಕೊಟ್ಟರು. 1698ರ ಜೂನ್‌ನಿಂದ ಮುಂದಿನ ವರ್ಷದ ಕ್ರಿಸ್‌ಮಸ್‌ವರೆಗೆ ನೂರಕ್ಕೂ ಹೆಚ್ಚು ವಿಚಾರಣೆಗಳನ್ನು ತಾವೇ ನಡೆಸಿದರು.

ಅವರಿಗೆ ಎದುರಾದ ದೊಡ್ಡ ಆಸಾಮಿ ವಿಲಿಯಂ ಚಾಲೊನರ್. ಮೊಳೆ ತಯಾರಕನ ಬಳಿ ಕೆಲಸ ಕಲಿತ ಈತ ಖೋಟಾ ನಾಣ್ಯದಲ್ಲಿ ನಿಸ್ಸೀಮ. ಸಾಲದ್ದಕ್ಕೆ, ದೋಷವೆಲ್ಲ ಟಂಕಸಾಲೆಯದೇ ಎಂದು 1697ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ವಾದಿಸಿ, ಖೋಟಾ ಮಾಡಲಾಗದ ಅಂಚನ್ನು ತಾನು ಮಾಡಿಕೊಡುವೆನೆಂದು ಮುಂದಾದ. ಕಳ್ಳನೇ ಕೋಟೆಯ ಬೀಗ ಕೇಳಿದಂತಾಯಿತು. ಅಂಚಿನ ಯಂತ್ರದ ಗುಟ್ಟು ಕಾಯುವ ಪ್ರಮಾಣವಚನ ಸ್ವೀಕರಿಸಿದ್ದ ನ್ಯೂಟನ್ನರು ಒಳಗೆ ಬಿಡಲಿಲ್ಲ. ಸಾಕ್ಷಿಗಳನ್ನು ಕಲೆಹಾಕಿದರು. ಸೆರೆಯಿಂದ ಪ್ರಾಣಭಿಕ್ಷೆ ಬೇಡಿ ಚಾಲೊನರ್ ಬರೆದ ಪತ್ರವೂ ಅವರನ್ನು ಕರಗಿಸಲಿಲ್ಲ. 1699ರ ಮಾರ್ಚ್‌ನಲ್ಲಿ ಟೈಬರ್ನ್‌ನಲ್ಲಿ ಆತನನ್ನು ಗಲ್ಲಿಗೇರಿಸಲಾಯಿತು. ನ್ಯೂಟನ್ನರ ಜೀವನದಲ್ಲಿ ಮೆಚ್ಚಲು ಕಷ್ಟವಾಗುವ ಅಧ್ಯಾಯವಿದು.

ಆದರೆ ತಮ್ಮ ಮನೆಯ ದೋಷವನ್ನು ಅವರು ಮುಚ್ಚಿಡಲಿಲ್ಲವೆಂಬುದನ್ನೂ ಹೇಳಬೇಕು. 1699ರ ಕೊನೆಯಲ್ಲಿ ಟಂಕಸಾಲೆಯ ಮಾಸ್ಟರ್ ಆದ ಬಳಿಕ ಅವರ ಗಮನ ಚಿನ್ನದ ಗಿನಿಗಳ ತೂಕದ ಕಡೆಗೆ ಹರಿಯಿತು. ಲಂಡನ್ನಿನ ಚಿನಿವಾರರು ಭಾರದ ಗಿನಿಗಳನ್ನು ಆರಿಸಿ, ಕರಗಿಸಿ, ಅದೇ ಚಿನ್ನವನ್ನು ಮತ್ತೆ ಟಂಕಸಾಲೆಗೆ ತಂದು ಲಾಭ ಮಾಡುತ್ತಿದ್ದರು. ಅವರನ್ನು ದೂರಿ ಫಲವಿಲ್ಲವೆಂದು ಕಂಡ ನ್ಯೂಟನ್ನರು, ನಾಣ್ಯದಿಂದ ನಾಣ್ಯಕ್ಕಿದ್ದ ವ್ಯತ್ಯಾಸವನ್ನೇ ತಗ್ಗಿಸಿದರು. ಆ ದಂಧೆಯಲ್ಲಿ ಲಾಭ ಉಳಿಯಲಿಲ್ಲ.

1705ರಲ್ಲಿ ಆನ್ ರಾಣಿಯಿಂದ ಸರ್ ಪದವಿ ಬಂತು. 1710ರಲ್ಲಿ ಅವರೇ ಕಟಕಟೆಯಲ್ಲಿ ನಿಂತಂತಾಯಿತು. ಟಂಕಸಾಲೆಯ ಮಾದರಿ ನಾಣ್ಯಗಳನ್ನು ಅಕ್ಕಸಾಲಿಗರ ಪಂಚರು ಪರೀಕ್ಷಿಸುವ ‘ಪಿಕ್ಸ್’ ವಿಚಾರಣೆಯಲ್ಲಿ, ಅವರ ಚಿನ್ನ 1707ರಲ್ಲಿ ಮಾಡಿದ ಪ್ರಮಾಣಫಲಕಕ್ಕಿಂತ ತುಸು ಕೀಳೆಂದು ಕಂಡುಬಂತು. ನಾಣ್ಯ ಸರಿಯಿದೆ, ಫಲಕವೇ ಅಗತ್ಯಕ್ಕಿಂತ ಶುದ್ಧವಾಗಿದೆ ಎಂಬುದು ನ್ಯೂಟನ್ನರ ವಾದ. ಅವರು ಪಟ್ಟು ಬಿಡಲಿಲ್ಲ. ಹೊಸ ಫಲಕ ಬದಿಗೆ ಸರಿದು, 1688ರ ಹಳೆಯ ಫಲಕವೇ ಮರಳಿ ಬಳಕೆಗೆ ಬಂತು.

1727ರ ಮಾರ್ಚ್ 20ರಂದು ನಿಧನರಾದಾಗಲೂ ನ್ಯೂಟನ್ನರು ಟಂಕಸಾಲೆಯ ಮಾಸ್ಟರ್ ಆಗಿಯೇ ಇದ್ದರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರ ಸಮಾಧಿಯಿದೆ. ತೆರವಾದ ಹುದ್ದೆಗೆ ಅವರ ಮಲಸಹೋದರಿಯ ಅಳಿಯ ಜಾನ್ ಕಾಂಡ್ವಿಟ್ ಬಂದರು.